ವಿ.ಸಿ. ಬಳಕೆದಾರರ ಸಮ್ಮೇಳನ: ಹೋಗಬೇಕೆ, ಬೇಡವೆ?

ಒಂದೇ ಬಗೆಯ ವಿಡಿಯೋ ಕಾನ್ಫರೆನ್ಸ್ (ವಿ.ಸಿ.) ಉಪಕರಣವನ್ನೋ ತಂತ್ರಾಂಶವನ್ನೋ ದಿನವೂ ಬಳಸುವ ಜನ ವರ್ಷಕ್ಕೊಮ್ಮೆ, ಎರಡು ಮೂರು ದಿನ ಒಂದೆಡೆ ಸೇರುವುದಕ್ಕೆ ಬಳಕೆದಾರರ ಸಮ್ಮೇಳನ ಎನ್ನುತ್ತಾರೆ. ಆ ಉಪಕರಣ, ತಂತ್ರಾಂಶ ತಯಾರಿಸಿದ ಕಂಪನಿಯವರೂ ಅಲ್ಲಿಗೆ ಬಂದಿರುತ್ತಾರೆ. ಹೊಸ ಆವೃತ್ತಿಯಲ್ಲಿ ಏನೇನು ಬಂತೆಂದು ಅವರು ಹೇಳಿದರೆ, ಹಳೆಯದರಲ್ಲಿ ಏನೇನು ಕೈಕೊಡುತ್ತಿದೆ ಎಂದು ಬಳಸುವವರು ಹೇಳುತ್ತಾರೆ. ಕೂತಲ್ಲಿಂದಲೇ ಮಾತಾಡಲೆಂದು ಹುಟ್ಟಿದ ತಂತ್ರದ ಬಗ್ಗೆ ಮಾತಾಡಲು ಊರು ಬಿಟ್ಟು ಹೋಗಬೇಕೆ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಅದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಯಾರು ಹೋಗುತ್ತಿದ್ದಾರೆ, ಏನು ಹೊತ್ತುಕೊಂಡು ಹೋಗುತ್ತಿದ್ದಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಈಗ ಇದು ಬೇರೆ ಯಾರದೋ ಪ್ರಶ್ನೆಯಲ್ಲ. ತಹಶೀಲ್ದಾರರ ಕಚೇರಿಗೆ, ತಾಲ್ಲೂಕು ಪಂಚಾಯಿತಿಗೆ ಕೆಲಸಕ್ಕೆ ಬಂದವರಿಗೆ "ಸಾಹೇಬರು ವಿ.ಸಿ.ಯೊಳಗ ಅದಾರ್ರೀ" ಎಂಬ ಮಾತು ಪರಿಚಿತ. ನ್ಯಾಯಾಲಯ, ಆರೋಗ್ಯ ಉಪಕೇಂದ್ರ, ಕಾಲೇಜು ಎಲ್ಲ ಕಡೆಗೂ ವಿ.ಸಿ. ತಲುಪಿದೆ. ಪರದೆಯ ಮೇಲೆ ಕಾಣುವವರು ಅಧಿಕಾರಿಗಳು, ವೈದ್ಯರು, ನ್ಯಾಯಾಧೀಶರು. ಲಿಂಕ್ ಕಳಿಸಿ, ಮೈಕ್ ಜೋಡಿಸಿ, ನೆಟ್ ಹೋದಾಗ ಬೈಸಿಕೊಂಡು ಮತ್ತೆ ಕೂಡಿಸುವವರು ಬೇರೆ. ಅವರು ಕಂಪ್ಯೂಟರ್ ಆಪರೇಟರ್, ನ್ಯಾಯಾಲಯದ ಸಿಬ್ಬಂದಿ, ಸಮುದಾಯ ಆರೋಗ್ಯಾಧಿಕಾರಿ, ಉಪನ್ಯಾಸಕರು. ಸಮ್ಮೇಳನಕ್ಕೆ ಹೋಗಬೇಕೆ ಎಂಬುದು ನಿಜವಾಗಿ ಇವರ ಪ್ರಶ್ನೆ. ಆದರೆ ಕರೆ ಬಂದಾಗ ಅದನ್ನು ಇವರ ಮೇಜಿನವರೆಗೆ ತಲುಪಿಸುವ ರೂಢಿ ಎಲ್ಲೂ ಬೆಳೆದಿಲ್ಲ.

ಕರ್ನಾಟಕದ ಹಳ್ಳಿಗಾಡಿಗೆ ಈ ತಂತ್ರ ಕೋವಿಡ್ ಕಾಲದಲ್ಲಿ ಹೊಸದಾಗಿ ಬಂದದ್ದಲ್ಲ. ಸಂವಿಧಾನದ 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ ನಂತರ ಸಾವಿರಾರು ಹೊಸ ಸದಸ್ಯರು ಒಮ್ಮೆಲೇ ಆಯ್ಕೆಯಾಗಿ ಬಂದರು. ಅವರಲ್ಲಿ ಮೂರನೇ ಒಂದು ಭಾಗಕ್ಕೂ ಕಡಿಮೆಯಿಲ್ಲದಷ್ಟು ಮಹಿಳೆಯರು. ಇಷ್ಟು ಜನರನ್ನು ತರಬೇತಿಗೆಂದು ಮೈಸೂರಿಗೆ ಕರೆಸುವುದು ಆಗದ ಮಾತಾಗಿತ್ತು. ಇಸ್ರೋದ ಉಪಗ್ರಹದ ನೆರವಿನಿಂದ ತರಬೇತಿಯನ್ನೇ ತಾಲ್ಲೂಕುಗಳಿಗೆ ಕಳಿಸುವ ಪ್ರಯೋಗ 1990ರ ದಶಕದಲ್ಲಿ ನಡೆಯಿತು. ಮುಂದೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಯಾಟ್‌ಕಾಂ (ಉಪಗ್ರಹ ಸಂಪರ್ಕ) ಕೇಂದ್ರ ಇದನ್ನೇ ಕಾಯಂ ಪದ್ಧತಿಯಾಗಿ ನಡೆಸಿತು. ಮೈಸೂರಿನ ಸ್ಟುಡಿಯೋದಲ್ಲಿ ಪರಿಣತರು ಕನ್ನಡದಲ್ಲಿ ಮಾತಾಡುವರು. ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲಿ ಕೂತ ಸದಸ್ಯರು ಟಿ.ವಿ.ಯಲ್ಲಿ ನೋಡುವರು, ಪ್ರಶ್ನೆ ಇದ್ದವರು ಫೋನ್ ಮಾಡಿ ಕೇಳುವರು. ಚಿತ್ರ ಒಂದೇ ದಿಕ್ಕಿಗೆ, ಧ್ವನಿ ಎರಡೂ ದಿಕ್ಕಿಗೆ. ಆರೋಗ್ಯ ಮತ್ತು ಶಿಕ್ಷಣದಲ್ಲೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಂಥ ಕೆಲಸಗಳಾದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿದ ಎಜುಸ್ಯಾಟ್ ಉಪಗ್ರಹದ ಮೊದಲ ಫಲ ಉಂಡವರಲ್ಲಿ ಚಾಮರಾಜನಗರದ ಪ್ರಾಥಮಿಕ ಶಾಲೆಗಳ ಮಕ್ಕಳಿದ್ದರು.

ಉಪಗ್ರಹದ ಈ ಪದ್ಧತಿಯ ಒಂದು ತೊಡಕು ತಿಳಿದಿರುವುದು ಒಳ್ಳೆಯದು. ಭೂಮಿಯ ಮೇಲೆ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. ಮಾತು ಅಲ್ಲಿಗೆ ಹೋಗಿ ಇಳಿದು ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಧ್ವನಿ ಒಂದು ತುದಿಯಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸಹಜವಾಗಿ ಸಾಗುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದಕ್ಕಿಂತ ತಡವಾದರೆ ಇಬ್ಬರೂ ಒಟ್ಟಿಗೇ ಮಾತು ಶುರು ಮಾಡಿ, ಇಬ್ಬರೂ ಒಟ್ಟಿಗೇ ನಿಲ್ಲಿಸುತ್ತಾರೆ. ಇಂದಿನ ಫೈಬರ್ ಜಾಲದಲ್ಲಿ ಈ ತೊಂದರೆ ಬಹಳಷ್ಟು ತಗ್ಗಿದೆ. ಆದರೆ ಮೊಬೈಲ್ ಸಿಗ್ನಲ್ ನೆಚ್ಚಿಕೊಂಡ ಊರುಗಳಲ್ಲಿ ಬೇರೆ ಕಾರಣಕ್ಕೆ ಮತ್ತೆ ತಲೆ ಹಾಕುತ್ತದೆ.

ನ್ಯಾಯಾಲಯಗಳ ಕಥೆ ಇನ್ನೂ ಗಂಭೀರ. ಸಾಕ್ಷಿಯ ಹೇಳಿಕೆಯನ್ನು ವಿಡಿಯೋ ಕಾನ್ಫರೆನ್ಸ್ ಮೂಲಕ ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ಹೇಳಿತು. 2020ರ ಏಪ್ರಿಲ್ 6ರಂದು, ಲಾಕ್‌ಡೌನ್ ನಡುವೆ, ದೇಶದ ಎಲ್ಲ ನ್ಯಾಯಾಲಯಗಳಿಗೂ ವಿ.ಸಿ. ಬಳಸುವ ದಾರಿ ತೆರೆಯಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಇದಕ್ಕೆಂದು ನಿಯಮಗಳನ್ನು ತಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 530ನೇ ಕಲಮು ವಿಚಾರಣೆಯನ್ನು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ನಡೆಸಲು ಅವಕಾಶ ಕೊಟ್ಟಿದೆ. ಹೀಗಾಗಿ ತಾಲ್ಲೂಕು ನ್ಯಾಯಾಲಯದಲ್ಲಿ ಕ್ಯಾಮೆರಾದ ಕೋನ, ಮೈಕಿನ ಸ್ಥಾನ ಎಂಬವು ಅನುಕೂಲದ ಮಾತಷ್ಟೇ ಆಗಿ ಉಳಿದಿಲ್ಲ. ಸಾಕ್ಷಿಯ ಪಕ್ಕ ನಿಂತು ಯಾರೋ ಹೇಳಿಕೊಡುತ್ತಿದ್ದರೆ ಅದು ಕ್ಯಾಮೆರಾಕ್ಕೆ ಕಾಣಬೇಕು. ಸಾಕ್ಷಿ "ಇಲ್ಲ" ಎಂದದ್ದು ತುಂಡಾಗಿ ಕೇಳಿ ದಾಖಲೆಗೆ ಬೇರೆಯೇ ಸೇರಿದರೆ ಒಬ್ಬರ ಬದುಕೇ ತಿರುಗಬಹುದು.

ಭದ್ರತೆಯ ಪಾಠವೂ ಇದೇ ರಾಜ್ಯದಲ್ಲಿ ಸಿಕ್ಕಿದೆ. 2023ರ ಡಿಸೆಂಬರ್ ಮೊದಲ ವಾರ ಕಿಡಿಗೇಡಿಗಳು ಕರ್ನಾಟಕ ಹೈಕೋರ್ಟಿನ ಝೂಮ್ ಕಲಾಪಕ್ಕೆ ನುಗ್ಗಿ ಅಶ್ಲೀಲ ದೃಶ್ಯ ಹರಿಬಿಟ್ಟರು. ಹೈಕೋರ್ಟ್ ಕಲಾಪದ ನೇರ ಪ್ರಸಾರವನ್ನೂ ವಿಡಿಯೋ ಕಾನ್ಫರೆನ್ಸನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ರಾಜ್ಯದ ಅತ್ಯುನ್ನತ ನ್ಯಾಯಾಲಯಕ್ಕೇ ಹೀಗಾದ ಮೇಲೆ, ಬಂದವರನ್ನು ಮೊದಲು ಪರದೆಯ ನಿರೀಕ್ಷಣಾ ಕೋಣೆಯಲ್ಲಿ (ವೇಟಿಂಗ್ ರೂಮ್) ಕೂರಿಸಿ ಹೆಸರು ನೋಡಿ ಒಳಬಿಡುವುದು, ಪರದೆ ಹಂಚುವ ಅಧಿಕಾರವನ್ನು ಆತಿಥೇಯರಿಗಷ್ಟೇ ಇಟ್ಟುಕೊಳ್ಳುವುದು, ಲಿಂಕನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಡದಿರುವುದು ಪ್ರತಿಯೊಂದು ಕಚೇರಿಗೂ ಬೇಕಾದ ಶಿಸ್ತಾಯಿತು.

ಆರೋಗ್ಯ ಇಲಾಖೆಯಲ್ಲಿ ಇ-ಸಂಜೀವಿನಿ ಇದೆ. ಮೊಹಾಲಿಯ ಸಿ-ಡ್ಯಾಕ್ ರೂಪಿಸಿದ ಈ ವ್ಯವಸ್ಥೆ 2019ರ ನವೆಂಬರಿನಲ್ಲಿ ಶುರುವಾಯಿತು. ಉಪಕೇಂದ್ರದಲ್ಲಿ ರೋಗಿಯ ಪಕ್ಕ ಕೂತ ಸಮುದಾಯ ಆರೋಗ್ಯಾಧಿಕಾರಿ ದೂರದ ವೈದ್ಯರನ್ನು ಪರದೆಗೆ ಕರೆಯುತ್ತಾರೆ. ಮನೆಯಿಂದಲೇ ನೇರವಾಗಿ ವೈದ್ಯರನ್ನು ಕಾಣುವ ಇನ್ನೊಂದು ದಾರಿ 2020ರ ಏಪ್ರಿಲಿನಲ್ಲಿ ಸೇರಿತು. ಬೆಳಕು ಹಿಂದಿನಿಂದ ಬಿದ್ದರೆ ರೋಗಿಯ ಮುಖ ಕಪ್ಪಾಗಿ ಕಂಡು, ಕಣ್ಣು ಹಳದಿಯಾಗಿದೆಯೇ ಎಂದು ವೈದ್ಯರಿಗೆ ತಿಳಿಯದು. ಕುರ್ಚಿಯನ್ನು ಕಿಟಕಿಯ ಎದುರಿಗೆ ತಿರುಗಿಸಿದರೆ ತೀರುವ ಈ ಸಮಸ್ಯೆಯನ್ನು ಯಾವ ಕೈಪಿಡಿಗಿಂತಲೂ ಚೆನ್ನಾಗಿ ಹೇಳಬಲ್ಲವರು ಇನ್ನೊಂದು ಉಪಕೇಂದ್ರದಲ್ಲಿ ಅದನ್ನು ಕಂಡುಕೊಂಡವರೇ.

ಬಳಕೆದಾರರ ಕೂಟದ ಬೆಲೆ ಇರುವುದು ಇಲ್ಲಿ. ವಿ.ಸಿ. ಕೆಡುವುದು ಬಹುಪಾಲು ಸಣ್ಣ ಕಾರಣಕ್ಕೆ. ಇಂಟರ್‌ನೆಟ್ ಸಂಪರ್ಕ ಕೊಡುವವರು ಇಳಿಕೆಯ (ಡೌನ್‌ಲೋಡ್) ವೇಗವನ್ನು ದೊಡ್ಡದಾಗಿ ಹೇಳುತ್ತಾರೆ. ಅತ್ತ ಕಡೆಯವರಿಗೆ ಇತ್ತಲಿನ ಚಿತ್ರ ಮುಟ್ಟಬೇಕಾದರೆ ಬೇಕಾದದ್ದು ಏರಿಕೆಯ (ಅಪ್‌ಲೋಡ್) ವೇಗ. ಇಬ್ಬರ ನಡುವಿನ ಒಳ್ಳೆಯ ಗುಣಮಟ್ಟದ ಮಾತುಕತೆಗೆ ಎರಡೂ ದಿಕ್ಕಿಗೆ ಸುಮಾರು 1.2 ಎಂಬಿಪಿಎಸ್ ಇದ್ದರೆ ಸಾಕು, ಆದರೆ ಅದು ತಡೆಯಿಲ್ಲದೆ ಸಿಗಬೇಕು. ಕೋಣೆಯ ಗೋಡೆ ಬರಿದಾಗಿದ್ದರೆ ಧ್ವನಿ ಮಾರ್ದನಿಸುತ್ತದೆ. ಮೇಜಿನ ಮೇಲೊಂದು ದಪ್ಪ ಬಟ್ಟೆ, ಕಿಟಕಿಗೆ ಪರದೆ ಹಾಕಿದರೆ ಸಾಕಷ್ಟು ತಗ್ಗುತ್ತದೆ. ಒಂದೇ ಕೋಣೆಯಲ್ಲಿ ಇಬ್ಬರು ತಮ್ಮ ತಮ್ಮ ಮೊಬೈಲಿನಿಂದ ಸೇರಿಕೊಂಡರೆ ಕಿವಿ ಸೀಳುವ ಕಿರುಚು ಹುಟ್ಟುತ್ತದೆ. ಕಚೇರಿಗಳು ಹಣವನ್ನು ಕ್ಯಾಮೆರಾಕ್ಕೆ ಸುರಿಯುತ್ತವೆ, ಕೆಲಸ ಕೆಡಿಸುವುದು ಮೈಕು. ಚಿತ್ರ ಒಂದು ನಿಮಿಷ ನಿಂತರೂ ಸಭೆ ನಡೆಯುತ್ತದೆ, ಮಾತು ನಿಂತರೆ ಸಭೆಯೂ ನಿಲ್ಲುತ್ತದೆ. ಯು.ಪಿ.ಎಸ್. ಕಂಪ್ಯೂಟರಿಗೆ ಇದ್ದು ರೂಟರಿಗೆ ಇಲ್ಲದಿದ್ದರೆ ಕರೆಂಟು ಹೋದಾಗ ಪರದೆ ಬೆಳಗುತ್ತಿರುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ.

ಇನ್ನು, ಯಾವ ಸಮ್ಮೇಳನ ಎಂಬ ಪ್ರಶ್ನೆ. ಎಲ್ಲವೂ ಒಂದೇ ಜಾತಿಯವಲ್ಲ.

ಕಂಪನಿಯೇ ನಡೆಸುವ ಸಮ್ಮೇಳನಗಳಿವೆ. ಝೂಮ್ ಕಂಪನಿ 2017ರಿಂದ ಝೂಮ್‌ಟೋಪಿಯಾ ನಡೆಸುತ್ತಿದೆ. 2020ರಲ್ಲಿ ಅದು ಪೂರ್ತಿ ಪರದೆಯ ಮೇಲೆಯೇ ನಡೆಯಿತು. ಪಾಲಿಕಾಂ ಉಪಕರಣ ಬಳಸುವವರದೂ ಒಂದು ಬಳಗವಿತ್ತು. ಇಂಥ ಕಡೆ ಕಂಪನಿ ಮುಂದೆ ಏನು ಮಾಡಲಿದೆ ಎಂಬ ಸುಳಿವು ಸಿಗುತ್ತದೆ, ಮತ್ತು ಈ ಸುಳಿವಿಗೆ ಬೆಲೆಯಿದೆ, ಏಕೆಂದರೆ ಈ ಕಂಪನಿಗಳು ಕೈ ಬದಲಾಗುತ್ತಿರುತ್ತವೆ. 1990ರಲ್ಲಿ ಹುಟ್ಟಿದ ಪಾಲಿಕಾಂ 2018ರಲ್ಲಿ ಪ್ಲಾಂಟ್ರಾನಿಕ್ಸ್ ಪಾಲಾಯಿತು, ಅದು 2022ರಲ್ಲಿ ಎಚ್‌ಪಿ ಪಾಲಾಯಿತು. ವಿ.ಸಿ. ಉಪಕರಣ ಮಾಡುತ್ತಿದ್ದ ಟ್ಯಾಂಡ್‌ಬರ್ಗ್ 2010ರಲ್ಲಿ ಸಿಸ್ಕೋದೊಳಗೆ ಕರಗಿತು. 2003ರಲ್ಲಿ ಬಂದು ಪರದೇಶದ ಮಕ್ಕಳ ಮುಖವನ್ನು ಎಷ್ಟೋ ಮನೆಗಳಿಗೆ ತೋರಿಸಿದ ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಲಕ್ಷಗಟ್ಟಲೆ ಕೊಟ್ಟು ಕೊಂಡ ಉಪಕರಣಕ್ಕೆ ಮುಂದಿನ ವರ್ಷ ರಿಪೇರಿ ಸಿಗುತ್ತದೆಯೇ ಎಂಬುದನ್ನು ಮಾರುವವರು ತಾವಾಗಿ ಹೇಳುವುದಿಲ್ಲ. ಅದೇ ಉಪಕರಣ ಬಳಸುವ ನಾಲ್ಕು ಜನರನ್ನು ಕೇಳಿದರೆ ತಿಳಿಯುತ್ತದೆ.

ಎರಡನೆಯದು ಮಾರಾಟದ ಮೇಳ. ಮುಂಬಯಿಯ ಇನ್ಫೋಕಾಂ ಇಂಡಿಯಾ, ನವೆಂಬರಿನ ಬೆಂಗಳೂರು ಟೆಕ್ ಸಮ್ಮಿಟ್ ಈ ಬಗೆಯವು. ಖರೀದಿಗೆ ಹೊರಟವರು ಹತ್ತು ಮೈಕುಗಳನ್ನು ಒಂದೇ ಮಧ್ಯಾಹ್ನ ಕಿವಿಗೊಟ್ಟು ಕೇಳಬಹುದು. ಖರೀದಿಯ ಅಧಿಕಾರವಿಲ್ಲದವರಿಗೆ ಇಲ್ಲಿ ಚೀಲದ ತುಂಬ ಕರಪತ್ರ ಬಿಟ್ಟರೆ ಹೆಚ್ಚೇನೂ ದಕ್ಕದು.

ಮೂರನೆಯದು ಸ್ವತಂತ್ರ ತಂತ್ರಾಂಶದವರ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶದವರ, ಕೂಟ. ಬೆಂಗಳೂರಿಗೆ ಇದರ ಹಿರಿಮೆಯಿದೆ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾದ ಸಮ್ಮೇಳನ ಮುಂದೆ ಫಾಸ್.ಇನ್ ಎಂಬ ಹೆಸರಿನಲ್ಲಿ 2012ರವರೆಗೆ ನಡೆಯಿತು. ಈಗ ಅಲ್ಲಿ ಇಂಡಿಯಾಫಾಸ್ ನಡೆಯುತ್ತದೆ. ಇಂಥ ಕಡೆ ತಂತ್ರಾಂಶ ಬರೆದವರೂ ಬಳಸುವವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ವಿಡಿಯೋ ಕಾನ್ಫರೆನ್ಸಿಗೆ ದುಡ್ಡು ಕೊಡದೆ ಬಳಸಬಹುದಾದ ಜಿತ್ಸಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿಯ ಕೆಲಸವಾಗಿ 2003ರಲ್ಲಿ ಶುರುವಾಯಿತು. ಪಾಠಕ್ಕೆಂದೇ ಮಾಡಿದ ಬಿಗ್‌ಬ್ಲೂಬಟನ್ 2007ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ. ವಿ.ಸಿ. ತಂತ್ರಾಂಶ ದೊಡ್ಡ ನಗರದಲ್ಲೇ ಹುಟ್ಟಬೇಕೆಂದೇನಿಲ್ಲ. 2020ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ವಿ.ಸಿ. ತಂತ್ರಾಂಶದ ಸ್ಪರ್ಧೆಯಲ್ಲಿ ಗೆದ್ದು ಒಂದು ಕೋಟಿ ರೂಪಾಯಿ ಬಹುಮಾನ ಪಡೆದ ವಿ-ಕನ್ಸೋಲ್ ಕೇರಳದ ಆಲಪ್ಪುಳ ಜಿಲ್ಲೆಯ ಒಂದು ಸಣ್ಣ ಕಂಪನಿಯದು.

ಹೋಗಿ ಬರುವ ಖರ್ಚಿಗೆ ತಕ್ಕದ್ದು ಸಿಗುತ್ತದೆಯೇ ಎಂಬುದಕ್ಕೆ ಒಂದು ಒಳ್ಳೆಯ ಅಧ್ಯಯನ ಬೆಳಕು ಚೆಲ್ಲುತ್ತದೆ. ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಎಂಬ ಸಂಶೋಧಕರು 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಜೋಡಿಗಳಿಗೆ ಹೊಸ ಉಪಾಯ ಹೊಳೆಯಿಸುವ ಕೆಲಸ ಕೊಡಲಾಯಿತು. ಭಾರತವೂ ಸೇರಿ ಐದು ದೇಶಗಳ ಎಂಜಿನಿಯರುಗಳ ಮೇಲೂ ಪ್ರಯೋಗ ನಡೆಯಿತು. ಎದುರುಬದುರು ಕೂತವರಿಗೆ ಹೆಚ್ಚು ಉಪಾಯಗಳು ಹೊಳೆದವು, ಪರದೆಯಲ್ಲಿ ಕೂತವರಿಗೆ ಕಡಿಮೆ. ಇದ್ದ ಉಪಾಯಗಳಲ್ಲಿ ಒಳ್ಳೆಯದನ್ನು ಆರಿಸುವುದರಲ್ಲಿ ಮಾತ್ರ ಪರದೆಯವರು ಹಿಂದೆ ಬೀಳಲಿಲ್ಲ. ಪರದೆಗೆ ಕಣ್ಣು ಕಟ್ಟಿಹೋದಾಗ ಯೋಚನೆಯ ಹರವೂ ಕುಗ್ಗುತ್ತದೆ ಎಂಬುದು ಅವರು ಕೊಟ್ಟ ಕಾರಣ. ಅದಕ್ಕೂ ಒಂದು ವರ್ಷ ಮೊದಲು ಸ್ಟ್ಯಾನ್‌ಫೋರ್ಡಿನ ಜೆರೆಮಿ ಬೈಲೆನ್ಸನ್ ಪರದೆಯ ಸಭೆ ಏಕೆ ದಣಿಸುತ್ತದೆ ಎಂದು ವಿವರಿಸಿದ್ದರು: ಎಲ್ಲರ ಕಣ್ಣೂ ಹತ್ತಿರದಿಂದ ದಿಟ್ಟಿಸುವುದು, ತನ್ನ ಮುಖವನ್ನೇ ನೋಡುತ್ತಿರುವುದು, ಕೂತಲ್ಲಿಂದ ಕದಲಲಾಗದಿರುವುದು, ಮೈಮಾತು ಅರಿಯಲು ಮನಸ್ಸು ಹೆಚ್ಚು ದುಡಿಯಬೇಕಾಗುವುದು.

ಇದನ್ನು ಸಮ್ಮೇಳನಕ್ಕೆ ಹೊಂದಿಸಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ವೇದಿಕೆಯ ಭಾಷಣ, ಹೊಸ ಆವೃತ್ತಿಯ ಪ್ರದರ್ಶನ, ನಿಯಮಗಳ ವಿವರಣೆ ಇವಕ್ಕೆ ಪ್ರಯಾಣ ಬೇಡ. ಅವುಗಳ ವಿಡಿಯೋ ಬಹಳ ಸಲ ಆಮೇಲೆ ಸಿಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ಬೆಳಿಗ್ಗೆ 9ಕ್ಕೆ ಶುರುವಾಗುವ ಗೋಷ್ಠಿ ಇಲ್ಲಿ ರಾತ್ರಿ 9.30ರದು, ನಿದ್ದೆಗೆಟ್ಟು ನೇರವಾಗಿ ನೋಡುವುದಕ್ಕಿಂತ ಮರುದಿನ ನಿಲ್ಲಿಸಿ ನಿಲ್ಲಿಸಿ ನೋಡುವುದೇ ಲೇಸು. ಪ್ರಯಾಣಕ್ಕೆ ತಕ್ಕದ್ದು ಎರಡೇ. ಕೈಯಿಂದ ಮುಟ್ಟಿ, ಬಿಚ್ಚಿ, ಜೋಡಿಸಿ ಕಲಿಯುವ ತರಬೇತಿ ಒಂದು. ಅಂಥದೇ ಕಚೇರಿಯಲ್ಲಿ ಅಂಥದೇ ತೊಂದರೆ ಅನುಭವಿಸಿದವರೊಡನೆ ಊಟದ ಹೊತ್ತಿನ ಮಾತು ಇನ್ನೊಂದು.

ಹಾವೇರಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. 2023ರ ಜನವರಿ 6ರಿಂದ 8ರವರೆಗೆ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನಡೆಯಿತು. ಗೋಷ್ಠಿಗಳನ್ನು ಮನೆಯಲ್ಲಿ ಕೂತೂ ನೋಡಬಹುದಾಗಿದ್ದ ಕಾಲ ಅದು. ಆದರೂ ನಾಲ್ಕೂ ತಾಲ್ಲೂಕುಗಳಿಂದ ಜನ ಹೋದರು: ಪುಸ್ತಕದ ಮಳಿಗೆಗೆ, ಊಟದ ಸಾಲಿಗೆ, ಓದಿದ ಲೇಖಕರನ್ನು ಕಣ್ಣಾರೆ ಕಾಣಲಿಕ್ಕೆ. ಬಳಕೆದಾರರ ಸಮ್ಮೇಳನದ ತಿರುಳೂ ಹೀಗೆ ವೇದಿಕೆಯ ಆಚೆಗೇ ಇರುತ್ತದೆ.

ಖರ್ಚಿನ ಲೆಕ್ಕವನ್ನೂ ನೇರವಾಗಿ ಹಾಕಬೇಕು. ಹಾವೇರಿಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 340 ಕಿ.ಮೀ. ಹಾನಗಲ್ಲು, ಹಿರೇಕೆರೂರುಗಳಿಗೆ ರೈಲಿಲ್ಲ; ಬಸ್ಸಿನಲ್ಲಿ ಹಾವೇರಿಗೋ ರಾಣೆಬೆನ್ನೂರಿಗೋ ಬಂದು ರೈಲು ಹತ್ತಬೇಕು. ಎರಡು ದಿನದ ಸಮ್ಮೇಳನಕ್ಕೆ ನಾಲ್ಕು ದಿನ ಹೋಗುತ್ತದೆ. ಸರ್ಕಾರಿ ನೌಕರರಿಗೆ ಒ.ಒ.ಡಿ. (ಅನ್ಯ ಕರ್ತವ್ಯದ ಮೇಲೆ ಎಂಬ ಅನುಮತಿ) ಸಿಕ್ಕರೆ ರಜೆ ಉಳಿಯುತ್ತದೆ. ಅದರ ಆದೇಶವನ್ನು ಹೊರಡುವ ಮೊದಲೇ ಕೈಗೆ ಪಡೆಯಬೇಕು. ಹೊರಗುತ್ತಿಗೆಯ ಆಪರೇಟರ್‌ಗೆ ಬಹಳ ಕಡೆ ಆ ಸವಲತ್ತಿಲ್ಲ, ನಾಲ್ಕು ದಿನದ ಸಂಬಳವೇ ಹೋಗುತ್ತದೆ. ಹೆಚ್ಚು ಕಲಿಯಬೇಕಾದವರೇ ಹೋಗಲಾಗದ ಸ್ಥಿತಿ ಇದು, ಮತ್ತು ಇದು ಅನ್ಯಾಯ. ಪ್ರಯಾಣ ಭತ್ಯೆಯನ್ನು ಕಚೇರಿ ಕೊಡಬೇಕು, ಆ ದಿನಗಳನ್ನು ಕರ್ತವ್ಯವೆಂದೇ ಎಣಿಸಬೇಕು. ಅವರಿಲ್ಲದಾಗ ವಿ.ಸಿ. ಯಾರು ನಡೆಸುತ್ತಾರೆ ಎಂಬುದನ್ನೂ ಮೊದಲೇ ಗೊತ್ತುಮಾಡಬೇಕು. ಒಬ್ಬರಿಗಷ್ಟೇ ಗೊತ್ತಿರುವ ವ್ಯವಸ್ಥೆ ಹೇಗೂ ಅಪಾಯದ್ದು.

ಭಾಷೆಯ ತೊಡಕು ಇನ್ನೊಂದು. ಈ ಸಮ್ಮೇಳನಗಳೆಲ್ಲ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತವೆ. ಕೆಲಸ ಬಲ್ಲವರು ಮಾತು ಹಿಡಿಯಲಾಗದೆ ಹಿಂದಿನ ಸಾಲಿನಲ್ಲಿ ಉಳಿದುಬಿಡುತ್ತಾರೆ. ಮೈಸೂರಿನ ಸ್ಯಾಟ್‌ಕಾಂ ತರಬೇತಿ ಹಳ್ಳಿಯ ಸದಸ್ಯರನ್ನು ತಲುಪಿದ್ದು ಕನ್ನಡದಲ್ಲಿ ನಡೆದದ್ದರಿಂದ, ಪ್ರಶ್ನೆಯನ್ನೂ ಕನ್ನಡದಲ್ಲೇ ಕೇಳಬಹುದಾಗಿದ್ದರಿಂದ. ಕಾರ್ಯಕ್ರಮ ಪಟ್ಟಿಯಲ್ಲಿ ಕನ್ನಡದ ಒಂದಾದರೂ ಗೋಷ್ಠಿ ಇದೆಯೇ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ.

ನಿರ್ಧಾರಕ್ಕೆ ಕೂತಾಗ ಮೊದಲು ಒಂದು ಹಾಳೆ ತೆಗೆದುಕೊಂಡು ಕಳೆದ ಆರು ತಿಂಗಳಲ್ಲಿ ವಿ.ಸಿ. ಎಲ್ಲೆಲ್ಲಿ ಕೈಕೊಟ್ಟಿತು ಎಂದು ಬರೆಯಬೇಕು. ಆ ಹಾಳೆ ಖಾಲಿಯಿದ್ದರೆ ಸಮ್ಮೇಳನದ ಅಗತ್ಯವಿಲ್ಲ. ತುಂಬಿದ್ದರೆ ಅದನ್ನು ಕಾರ್ಯಕ್ರಮ ಪಟ್ಟಿಯ ಪಕ್ಕ ಇಟ್ಟು ನೋಡಬೇಕು. ತಮ್ಮ ಸಮಸ್ಯೆಗೆ ಸಂಬಂಧಿಸಿದ, ಕೈಯಿಂದ ಮಾಡಿ ಕಲಿಯುವ ಗೋಷ್ಠಿ ಒಂದಾದರೂ ಇದೆಯೇ? ತಮ್ಮಲ್ಲಿರುವ ಉಪಕರಣದ ಮಾದರಿಯೇ ಅಲ್ಲಿ ಬರುತ್ತದೆಯೇ? ಪ್ರಶ್ನೋತ್ತರಕ್ಕೆ ಎಷ್ಟು ಹೊತ್ತು ಇಟ್ಟಿದ್ದಾರೆ? ಭಾಷಣಕಾರರೆಲ್ಲ ಮಾರಾಟ ವಿಭಾಗದವರೇ ಆಗಿದ್ದರೆ ಮನೆಯಲ್ಲೇ ಇರುವುದು ವಾಸಿ. ಬಳಸುವವರು ಮಾತಾಡುವ ಗೋಷ್ಠಿಗಳು ಅರ್ಧದಷ್ಟಾದರೂ ಇದ್ದರೆ ಹೊರಡಬಹುದು.

ಈ ಅಳತೆಯಲ್ಲಿ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಹೀಗೆ ಹೇಳಬಹುದು. ನ್ಯಾಯಾಲಯದಲ್ಲಿ ವಿ.ಸಿ. ಹೊಣೆ ಹೊತ್ತವರಿಗೆ ಒಮ್ಮೆಯಾದರೂ ಹೋಗುವುದು ಸಾರ್ಥಕ, ಏಕೆಂದರೆ ಅವರ ತಪ್ಪಿನ ಬೆಲೆಯನ್ನು ಕಕ್ಷಿದಾರರು ತೆರುತ್ತಾರೆ. ಆರೋಗ್ಯ ಕೇಂದ್ರದವರು ಇ-ಸಂಜೀವಿನಿ ಬಿಟ್ಟು ಬೇರೆ ತಂತ್ರಾಂಶ ಆರಿಸುವ ಹಾಗಿಲ್ಲ. ಕಂಪನಿಗಳ ಸಮ್ಮೇಳನದಿಂದ ಅವರಿಗೆ ಲಾಭವಿಲ್ಲ, ಜಿಲ್ಲಾ ಮಟ್ಟದ ಅನುಭವ ಹಂಚಿಕೆಯಿಂದ ಬಹಳ ಇದೆ. ಕಾಲೇಜು, ಟ್ಯೂಷನ್ ನಡೆಸುವವರು ಸ್ವತಂತ್ರ ತಂತ್ರಾಂಶದ ಕೂಟಕ್ಕೆ ಹೋದರೆ ಹಣವೂ ಉಳಿಯುತ್ತದೆ, ಗೆಳೆಯರೂ ಸಿಗುತ್ತಾರೆ. ಸಭೆಗಳಲ್ಲಿ ಬರೀ ಕೂತು ಕೇಳುವ ಅಧಿಕಾರಿಗಳು ಹೋಗುವ ಬದಲು ತಮ್ಮ ಆಪರೇಟರನ್ನು ಕಳಿಸಿಕೊಡಲಿ. ಹೋಗಿ ಬಂದವರು ಒಂದು ಸಂಜೆ ಉಳಿದವರನ್ನು ಕೂರಿಸಿಕೊಂಡು ಕಲಿತದ್ದನ್ನು ಮಾಡಿ ತೋರಿಸಬೇಕು. ಒಬ್ಬರಿಗೆ ಹಾಕಿದ ಖರ್ಚು ಹತ್ತು ಜನರಿಗೆ ಹಂಚುವುದು ಆಗಲೇ.

ಇದಕ್ಕಿಂತ ಮುಂದಿನ ಕೆಲಸ ಇನ್ನೊಂದಿದೆ. ಬಳಕೆದಾರರ ಬಳಗ ದೂರದ ನಗರದಲ್ಲೇ ಇರಬೇಕೆಂಬ ಕಟ್ಟಳೆಯೇನೂ ಇಲ್ಲ. ಹಾವೇರಿಯಿಂದ ಹುಬ್ಬಳ್ಳಿ ಸುಮಾರು 75 ಕಿ.ಮೀ.; ಅದರಾಚೆ ಧಾರವಾಡದಲ್ಲಿ ಐ.ಐ.ಟಿ., ಐ.ಐ.ಐ.ಟಿ.ಗಳಿವೆ, 2008ರಿಂದ ಹೈಕೋರ್ಟ್ ಪೀಠವಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಜಿಲ್ಲೆಯ ನ್ಯಾಯಾಲಯ, ಪಂಚಾಯಿತಿ, ಆಸ್ಪತ್ರೆ, ಕಾಲೇಜುಗಳಲ್ಲಿ ವಿ.ಸಿ. ನಡೆಸುವವರು ವರ್ಷಕ್ಕೊಂದು ಭಾನುವಾರ ಇಂಥ ಒಂದು ಕಡೆ ಕೂಡಿ, ಕನ್ನಡದಲ್ಲಿ ಮಾತಾಡಿ, ಉಳಿದ ತಿಂಗಳುಗಳಲ್ಲಿ ಪರದೆಯ ಮೇಲೆ ಭೇಟಿಯಾಗಬಹುದು. ಬೆಳಿಗ್ಗೆ ಬಸ್ ಹತ್ತಿ ಸಂಜೆ ಮನೆ ಸೇರುವ ದೂರದಲ್ಲಿ ಅಂಥದೊಂದು ನಡೆದರೆ ಯಾರೂ ಹಿಂದೆಮುಂದೆ ನೋಡಬೇಕಾಗಿಲ್ಲ, ಎಲ್ಲರೂ ಹೋಗಬೇಕು. ಅದಕ್ಕೆ ಬೇಕಾಗಿರುವುದು ಕಚೇರಿಗೊಬ್ಬರಂತೆ ಮುಂದೆ ಬರುವ ಹತ್ತಿಪ್ಪತ್ತು ಆಸಕ್ತರು ಮತ್ತು ಒಂದು ಸಭಾಂಗಣ. ನಾಲ್ಕು ತಾಲ್ಲೂಕುಗಳಲ್ಲಿ ಈ ಕೆಲಸ ಬಲ್ಲವರು ಮೊದಲ ಕರೆಯನ್ನು ತಾವೇ ಕೊಡಲಿ.